ಮನೆಕೂಟದಲ್ಲಿ ಸತ್ಯವೇದ ಪಾಠ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ವಾರಕ್ಕೊಮ್ಮೆ ಎಂಟು ಹತ್ತು ಜನ ಮನೆಯಲ್ಲಿ ಕೂಡಿ ಸತ್ಯವೇದ, ದೇವಶಾಸ್ತ್ರ ಕಲಿಯುವ ಸಭೆಯವರಿಗೆ. ಕೂಟ ನಡೆಸುವವರು ಮೊದಲ ದಿನವೇ ಗಟ್ಟಿಯಾಗಿ ಓದಿ ಹೇಳಿ.

ಏಕೆ: ಕೂಟದಲ್ಲಿ ಸಭಾಪಾಲಕರು ಇರುವುದಿಲ್ಲ. ತಪ್ಪು ಬೋಧನೆಯನ್ನು ಅಲ್ಲೇ ತಿದ್ದುವವರಿಲ್ಲ. ಅದನ್ನು ನಂಬಿ ಇನ್ಸುಲಿನ್ ಬಿಟ್ಟವರು ಸಾಯುತ್ತಾರೆ. ಸಾಲ ಮಾಡಿ ಕಾಣಿಕೆ ಕೊಟ್ಟವರು ಬೀದಿಗೆ ಬೀಳುತ್ತಾರೆ. ಮುಚ್ಚಿಟ್ಟ ದೌರ್ಜನ್ಯ ಮತ್ತೆ ನಡೆಯುತ್ತದೆ.

ಕ್ರಮ: ಈ ಕೂಟದ ಕ್ರಮ ವಿಸ್ತರಣಾ ದೇವಶಾಸ್ತ್ರ ಶಿಕ್ಷಣದ್ದು. ಅದು 1963ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾಯಿತು. ಹೊಲ, ಮನೆ, ಕೆಲಸ ಬಿಟ್ಟು ಸೆಮಿನರಿಗೆ ಹೋಗಲಾಗದವರಿಗೆ ಪಾಠವೇ ಊರಿಗೆ ಬಂತು. ಭಾರತದಲ್ಲಿ ಟ್ಯಾಫ್ಟೀ ಸಂಸ್ಥೆ 1971ರಿಂದ ಬೆಂಗಳೂರಿನಿಂದ ಇದೇ ಕೆಲಸ ಮಾಡುತ್ತಿದೆ. ಮನೆಯಲ್ಲಿ ಓದು, ವಾರದ ಕೂಟ, ಬದುಕಿನಲ್ಲಿ ಪಾಲನೆ: ಮೂರೂ ಬೇಕು.

ಮಾಡಬೇಕಾದ್ದು

1. ಪಾಠ ಮನೆಯಲ್ಲೇ ಓದಿ, ಉತ್ತರ ಬರೆದುಕೊಂಡು ಬನ್ನಿ.
2. ಕೂಟದ ದಿನ, ಮನೆ, ಪಾಠದ ಹೆಸರನ್ನು ಸಭಾಪಾಲಕರಿಗೆ ಮೊದಲೇ ತಿಳಿಸಿ.
3. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ವಾರಕ್ಕೊಂದು, ನಾಲ್ಕು ತಿಂಗಳು.
4. ಎರಡು ಅನುವಾದ ಇಟ್ಟುಕೊಳ್ಳಿ: ಹಳೆಯದೊಂದು, ಆಡುಮಾತಿನದೊಂದು.
5. ಹೇಳಿದ ಹೊತ್ತಿಗೆ ಶುರುಮಾಡಿ, ಒಂದೂವರೆ ಗಂಟೆಗೆ ಮುಗಿಸಿ.
6. ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿ. ಯಾರು ಯಾರಿಗೆ ಹೇಳಿದರು? ಆಗ ಅವರಿಗೆ ಏನು ಅರ್ಥವಾಯಿತು? ಈಗ ನಾವೇನು ಮಾಡಬೇಕು?
7. ವಚನದ ಹಿಂದೆ ಮುಂದೆ ಹತ್ತು ಹತ್ತು ವಚನ ಓದಿ. ಗೋಡೆಯ ಕ್ಯಾಲೆಂಡರಿನಲ್ಲಿರುವ ಯೆರೆಮೀಯ 29:11 ತೆಗೆಯಿರಿ. ಬೆರಳನ್ನು ಒಂದು ವಚನ ಮೇಲಕ್ಕೆ ಸರಿಸಿ. ಎಪ್ಪತ್ತು ವರ್ಷ ಎಂದಿದೆ. ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಯೆರೆಮೀಯ ಬರೆದ ಪತ್ರ ಅದು. ಅದನ್ನು ಕೇಳಿಸಿಕೊಂಡ ಹಿರಿಯರು ಬಿಡುಗಡೆ ನೋಡುವಷ್ಟು ಕಾಲ ಬದುಕುವವರಲ್ಲ. ನಾಳೆಯ ಇಂಟರ್‌ವ್ಯೂಗೆ ಕೊಟ್ಟ ಭರವಸೆ ಅದಲ್ಲ.
8. ನಡೆಸುವವರ ಮಾತನ್ನೂ ವಾಕ್ಯದೊಂದಿಗೆ ತಾಳೆ ನೋಡಿ. ಬೆರೋಯದವರು ಪೌಲನ ಮಾತನ್ನೇ ಪರೀಕ್ಷಿಸಿದರು (ಅ.ಕೃ. 17:11).
9. ಉತ್ತರ ತಿಳಿಯದಿದ್ದರೆ ‘ಗೊತ್ತಿಲ್ಲ’ ಎನ್ನಿ. ಬರೆದಿಟ್ಟುಕೊಂಡು ಸಭಾಪಾಲಕರನ್ನು ಕೇಳಿ ಬನ್ನಿ.
10. ಅಡುಗೆಮನೆಯಲ್ಲಿ ನಿಂತವರನ್ನು ಕರೆದು ಕೂರಿಸಿ. ಟೀ ಪಾಠ ಮುಗಿದ ಮೇಲೆ.
11. ಮನೆಯಲ್ಲಿ ಏಟು ತಿನ್ನುವ ಹೆಂಗಸಿಗೆ 181 ಸಹಾಯವಾಣಿ ಸಂಖ್ಯೆ ಕೊಡಿ.
12. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಅಂದೇ ಪೊಲೀಸರಿಗೆ ತಿಳಿಸಿ, 1098ಕ್ಕೂ ಕರೆ ಮಾಡಿ. 2012ರ ಪೋಕ್ಸೋ ಕಾಯ್ದೆಯಲ್ಲಿ ತಿಳಿಸದಿರುವುದೂ ಅಪರಾಧ.
13. ಈ ವಾರ ಮಾಡುವ ಒಂದು ಕೆಲಸವನ್ನು ಒಬ್ಬೊಬ್ಬರೂ ಹೇಳಿ ಹೊರಡಿ. ಮುಂದಿನ ಕೂಟದಲ್ಲಿ ಅದನ್ನೇ ಮೊದಲು ಕೇಳಿ.

ಮಾಡಬಾರದ್ದು

1. ಪ್ರಸಂಗ ಬೇಡ. ನಡೆಸುವವರು ಒಂದೇ ಉಸಿರಿಗೆ ಐದು ನಿಮಿಷ ಮೀರಿ ಮಾತಾಡಬಾರದು.
2. ‘ದೇವರು ನನಗೆ ಹೇಳಿದರು’ ಎಂದು ಯಾರ ಬಾಯನ್ನೂ ಮುಚ್ಚಿಸಬಾರದು.
3. ಇನ್ಸುಲಿನ್, ಫಿಟ್ಸ್ ಮಾತ್ರೆ, ಕ್ಷಯದ ಔಷಧಿ ನಿಲ್ಲಿಸಲು ಹೇಳಬಾರದು. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲನೂ ದ್ರಾಕ್ಷಾರಸ ಸೂಚಿಸಿದ (1 ತಿಮೊಥೆ 5:23).
4. ಮಾರ್ಕ 16:18 ಹಿಡಿದು ಹಾವು, ವಿಷದ ಪರೀಕ್ಷೆ ಬೇಡ. 9ರಿಂದ 20ರವರೆಗಿನ ವಚನಗಳು ನಾಲ್ಕನೇ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ ಇಲ್ಲ.
5. ಕಾಯಿಲೆಗೆ, ಮಕ್ಕಳಾಗದಿರುವುದಕ್ಕೆ, ಸಾವಿಗೆ ‘ನಿನ್ನ ಪಾಪವೇ ಕಾರಣ’ ಎನ್ನಬಾರದು. ಯೋಬನ ಗೆಳೆಯರು ಇದನ್ನೇ ಹೇಳಿ ದೇವರ ಸಿಟ್ಟಿಗೆ ಗುರಿಯಾದರು (ಯೋಬ 42:7).
6. ಎಫೆಸ 5:22 ತೋರಿಸಿ ಹೆಂಗಸನ್ನು ಹೊಡೆಯುವ ಗಂಡನ ಬಳಿಗೆ ವಾಪಸು ಕಳಿಸಬಾರದು.
7. ಲೋಕಾಂತ್ಯದ ತಾರೀಖು ಲೆಕ್ಕ ಬೇಡ. ಮಾರ್ಕ 13:32 ಆ ಬಾಗಿಲು ಮುಚ್ಚಿದೆ.
8. 666ಕ್ಕೂ ಆಧಾರ್‌ಗೂ ಲಸಿಕೆಗೂ ತಳಕು ಹಾಕುವುದು ಬೇಡ.
9. ಕೂಟದಲ್ಲಿ ಚೀಟಿ, ಸಾಲ, ಕಾಣಿಕೆ ವಸೂಲಿ ಬೇಡ.
10. ಪ್ರಾರ್ಥನೆಗೆಂದು ಹೇಳಿಕೊಂಡ ಕಷ್ಟವನ್ನು ವಾಟ್ಸಾಪ್‌ಗೆ ಹಾಕಬಾರದು.
11. ಓದು ಬಾರದವರ ಕೈಗೆ ಪುಸ್ತಕ ಕೊಟ್ಟು ಎಲ್ಲರೆದುರು ಓದಿಸಬಾರದು.
12. ಜಾತಿ ಕೇಳುವುದು ಬೇಡ. ಬೇರೆ ಲೋಟ ಬೇಡ.
13. ಬೇರೆ ಸಭೆಯವರನ್ನಾಗಲಿ ಬೇರೆ ಧರ್ಮದವರನ್ನಾಗಲಿ ಹೀಯಾಳಿಸಬಾರದು.
14. ಪಾಠದ ಬದಲು ಯೂಟ್ಯೂಬ್ ಬೋಧಕರ ವಿಡಿಯೋ ಬೇಡ.
15. ಮುಚ್ಚಿದ ಕೋಣೆಯಲ್ಲಿ ಮಗುವನ್ನು ಒಬ್ಬರೇ ದೊಡ್ಡವರ ಜೊತೆ ಬಿಡಬಾರದು.
16. ಕೂಟ ನಡೆಸುವ ಕೆಲಸ ವರ್ಷಗಟ್ಟಲೆ ಒಬ್ಬರ ಕೈಯಲ್ಲೇ ಉಳಿಯಬಾರದು.

ಈ ಹಾಳೆಯನ್ನು ಮಡಚಿ ಸತ್ಯವೇದದೊಳಗೆ ಇಟ್ಟುಕೊಳ್ಳಿ. ನಿಯಮ ಮುರಿದವರು ಕೂಟ ನಡೆಸುವವರೇ ಆದರೂ ಅಲ್ಲೇ ಹೇಳಿ. ಕೇಳದಿದ್ದರೆ ಎದ್ದು ಹೊರಡಿ. ಅಂದೇ ಸಭಾಪಾಲಕರಿಗೂ ಸಭಾಸಮಿತಿಗೂ ತಿಳಿಸಿ.