ಕರಾಟೆ ಕ್ಲಾಸಿಗೆ ಮಗುವನ್ನು ಸೇರಿಸುವ ಮುನ್ನ

ಜೂನ್ ಬಂತೆಂದರೆ ಶಾಲೆಯ ಕಾಂಪೌಂಡಿಗೂ ಬಸ್ ಸ್ಟಾಪಿನ ಕಂಬಕ್ಕೂ ಕರಾಟೆ ಕ್ಲಾಸಿನ ಫ್ಲೆಕ್ಸ್ ಏರುತ್ತದೆ. ಹಾರಿ ಒದೆಯುತ್ತಿರುವ ಮಾಸ್ಟರ್, ಹೆಸರಿನ ಹಿಂದೆ ಮುಂದೆ ಬಿರುದು, ಕೆಳಗೆ ಮೊಬೈಲ್ ನಂಬರ್. ನಾನು ಶೋಟೋಕಾನ್ ಕರಾಟೆ ಕಲಿತು, ಈಗ ಮಕ್ಕಳಿಗೆ ಕಲಿಸುತ್ತಿರುವವನು. ಬೇರೆ ಕ್ಲಾಸುಗಳಿಂದ ನನ್ನಲ್ಲಿಗೆ ಬಂದ ಮಕ್ಕಳ ನಿಲುವು, ಸೊಂಟ, ಮುಷ್ಟಿ ನೋಡುತ್ತಾ ನೋಡುತ್ತಾ ಕೆಳಗಿನ ಪಾಠಗಳು ನನಗೆ ದಕ್ಕಿದವು. ಬ್ರೌನ್ ಬೆಲ್ಟ್ ಕಟ್ಟಿಕೊಂಡು ಬಂದ ಹುಡುಗಿಗೆ ಹೆಬ್ಬೆರಳನ್ನು ಮುಷ್ಟಿಯ ಹೊರಗಿಡಬೇಕೆಂದೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಷ್ಟು ಹೊತ್ತಿಗೆ ಅವಳ ತಂದೆತಾಯಿ ಸಾವಿರಾರು ರೂಪಾಯಿ ಕಟ್ಟಿಯಾಗಿರುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಫೀಸು ಎಷ್ಟು ಎಂದಲ್ಲ, ಯಾವುದಕ್ಕೆ ಎಂದು ಕೇಳಿ

ಕಲಿಸುವವರು ಹಣ ತೆಗೆದುಕೊಳ್ಳುವುದು ತಪ್ಪಲ್ಲ. ಮಾಸ್ಟರ್‌ಗೂ ಸಂಸಾರವಿದೆ, ಹಾಲ್‌ಗೆ ಬಾಡಿಗೆ ಕಟ್ಟಬೇಕು. ತಿಂಗಳಿಗೆ ಎರಡು ಸಾವಿರ ಪಡೆದು ಅಚ್ಚುಕಟ್ಟಾಗಿ ಕಲಿಸುವವರಿದ್ದಾರೆ. ಸರ್ಕಾರಿ ಶಾಲೆಯ ಮೈದಾನದಲ್ಲಿ ಬರಿಗಾಲಲ್ಲಿ ನಿಂತು, ಅದರ ಕಾಲುಭಾಗವನ್ನೂ ಕೇಳದೆ ಇನ್ನೂ ಚೆನ್ನಾಗಿ ಕಲಿಸುವವರೂ ಇದ್ದಾರೆ.

ಒಂದು ಲೆಕ್ಕ ಹಾಕಿ. ತಿಂಗಳ ಫೀಸು 600 ರೂಪಾಯಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 7,200. ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ, ಒಂದಕ್ಕೆ 1,500 ಎಂದರೆ ವರ್ಷಕ್ಕೆ 6,000. ಎರಡು ಟೂರ್ನಮೆಂಟಿನ ಪ್ರವೇಶ ಶುಲ್ಕ ತಲಾ 1,000. ಅಲ್ಲಿಗೆ ಕಲಿಸಿದ್ದಕ್ಕೆ ಬಂದದ್ದು 7,200, ಕಲಿಸದಿದ್ದರೂ ಬರುವಂಥದ್ದು 8,000. ಇಂಥ ಕ್ಲಾಸಿನಲ್ಲಿ ಮಾಸ್ಟರ್ ಎಷ್ಟೇ ಒಳ್ಳೆಯವರಾಗಿದ್ದರೂ ಮಗುವನ್ನು ಫೇಲ್ ಮಾಡಲು ಕೈ ಬರುವುದಿಲ್ಲ. ಫೇಲ್ ಮಾಡಿದರೆ ಮನೆಯವರು ಮುನಿಸಿಕೊಳ್ಳುತ್ತಾರೆ, ಮಗು ಕ್ಲಾಸು ಬಿಡುತ್ತದೆ, ಮುಂದಿನ ಪರೀಕ್ಷೆಯ ದುಡ್ಡೂ ಹೋಗುತ್ತದೆ. ಪಾಸ್ ಮಾಡಿದರೆ ಎಲ್ಲರೂ ಸಂತೋಷವಾಗಿರುತ್ತಾರೆ. ಕೆಟ್ಟ ಕ್ಲಾಸುಗಳು ಹುಟ್ಟುವುದು ಹೆಚ್ಚಾಗಿ ಈ ಲೆಕ್ಕದಿಂದ, ಮಾಸ್ಟರ್ ದುಷ್ಟರಾಗಿರುವುದರಿಂದ ಅಲ್ಲ.

ಸೇರಿಸುವ ದಿನವೇ ಎರಡು ಮಾತು ಕೇಳಿಬಿಡಿ. ಬ್ಲ್ಯಾಕ್ ಬೆಲ್ಟ್‌ವರೆಗೆ ಪರೀಕ್ಷೆ, ಸರ್ಟಿಫಿಕೇಟ್, ಡ್ರೆಸ್, ಕ್ಯಾಂಪ್ ಎಲ್ಲ ಸೇರಿ ಎಷ್ಟಾಗುತ್ತದೆ, ಬರೆದು ಕೊಡುತ್ತೀರಾ? ಕಳೆದ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಫೇಲ್ ಆದರು? ಎರಡನೆಯದಕ್ಕೆ “ತಯಾರಾಗದ ಮಕ್ಕಳನ್ನು ನಾನು ಪರೀಕ್ಷೆಗೆ ಕೂರಿಸುವುದೇ ಇಲ್ಲ” ಎಂದರೆ ಅದು ಒಳ್ಳೆಯ ಉತ್ತರ. ಹಾಗಾದರೆ ಕಳೆದ ಸಲ ಎಷ್ಟು ಮಕ್ಕಳನ್ನು ಕೂರಿಸಲಿಲ್ಲ ಎಂದು ಕೇಳಿ. “ನಮ್ಮಲ್ಲಿ ಯಾರೂ ಫೇಲ್ ಆಗುವುದಿಲ್ಲ, ಮೇಡಂ” ಎಂದು ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಹೊರಡಿ.

ಶಾಲೆಯೇ ಕರಾಟೆಯನ್ನು ಕಡ್ಡಾಯ ಮಾಡಿ, ಪರೀಕ್ಷೆಯ ಶುಲ್ಕದ ಚೀಟಿಯನ್ನು ಡೈರಿಯಲ್ಲಿ ಅಂಟಿಸಿ ಕಳಿಸುವ ಕಡೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಆ ಶುಲ್ಕದಲ್ಲಿ ಶಾಲೆಗೂ ಪಾಲಿದೆಯೇ ಎಂದು ಪೋಷಕರ ಸಭೆಯಲ್ಲಿ ಬಾಯಿಬಿಟ್ಟು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ, ದುಡ್ಡು ನಿಮ್ಮದು.

2. ಬೆಲ್ಟಿನ ವೇಗ

ಕರಾಟೆಯ ಜೊತೆಗೇ ಬೆಲ್ಟ್ ಹುಟ್ಟಿತೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಡಾನ್ ದರ್ಜೆಯನ್ನು, ಎಂದರೆ ಕಪ್ಪು ಬೆಲ್ಟಿನ ಮೆಟ್ಟಿಲುಗಳನ್ನು, ಕಾದಾಟದ ಕಲೆಗೆ ಮೊದಲು ತಂದವರು ಜೂಡೊ ಕಟ್ಟಿದ ಜಿಗೊರೊ ಕಾನೊ, 1880ರ ದಶಕದಲ್ಲಿ. ಓಕಿನಾವಾದ ಕರಾಟೆಯನ್ನು 1922ರಲ್ಲಿ ಟೋಕಿಯೊಗೆ ತಂದ ಗಿಚಿನ್ ಫುನಾಕೋಶಿ ಆ ದರ್ಜೆಯನ್ನು ಜೂಡೊದಿಂದ ಎರವಲು ಪಡೆದು, 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಕಪ್ಪು ಬೆಲ್ಟ್ ಕೊಟ್ಟರು. ಬಣ್ಣಬಣ್ಣದ ಬೆಲ್ಟುಗಳನ್ನು ಜನಪ್ರಿಯಗೊಳಿಸಿದವರು 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೂಡೊ ಕಲಿಸುತ್ತಿದ್ದ ಕವಾಯಿಶಿ. ವಿದ್ಯಾರ್ಥಿಗಳ ಉತ್ಸಾಹ ಕುಂದದಿರಲಿ ಎಂಬುದು ಅದರ ಉದ್ದೇಶ, ಅದರಲ್ಲಿ ತಪ್ಪೇನಿಲ್ಲ. ಆದರೆ ಇವತ್ತು ಹಳದಿಗೂ ಕಿತ್ತಳೆಗೂ ನಡುವೆ ಒಂದು ಪಟ್ಟಿ, ಪಟ್ಟಿಗೂ ಒಂದು ಪರೀಕ್ಷೆ, ಪರೀಕ್ಷೆಗೂ ಒಂದು ಶುಲ್ಕ ಬಂದಿದೆ.

ವಾರಕ್ಕೆ ಮೂರು ದಿನ ತಪ್ಪದೆ ಬರುವ ಮಗುವಿಗೂ ಕಪ್ಪು ಬೆಲ್ಟಿನ ಹತ್ತಿರ ಬರಲು ನಾಲ್ಕೈದು ವರ್ಷ ಬೇಕು. ಎರಡು ವರ್ಷದಲ್ಲಿ ಕೊಡುತ್ತೇವೆ ಎಂದು ಮೊದಲೇ ಮಾತು ಕೊಡುವವರು ಮಗುವನ್ನು ಇನ್ನೂ ನೋಡಿಯೇ ಇಲ್ಲ. ಕಾಗುಣಿತ ಬಾರದ ಮಗುವಿನ ಕೈಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟ ಹಾಗೆ ಅದು. ಕೊರಿಯಾದ ಟೇಕ್ವಾಂಡೊದಲ್ಲಿ ಹದಿನೈದು ವರ್ಷದೊಳಗಿನವರಿಗೆ ಡಾನ್ ಬದಲು ‘ಪೂಮ್’ ಎಂಬ ಬೇರೆಯೇ ದರ್ಜೆ ಇದೆ. ಎಳೆಯ ಮೈಯ ಕಲಿಕೆಯನ್ನೂ ಬಲಿತ ಮೈಯ ಕಲಿಕೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂಬ ವಿವೇಕ ಅದರಲ್ಲಿದೆ. ಎಂಟು ವರ್ಷದ ಮಗುವಿಗೆ ಪೂರ್ಣ ಕಪ್ಪು ಬೆಲ್ಟ್ ಕಟ್ಟಿ ಪತ್ರಿಕೆಗೆ ಫೋಟೊ ಕಳಿಸುವ ಕ್ಲಾಸುಗಳಲ್ಲಿ ಆ ವಿವೇಕ ಕಾಣುವುದಿಲ್ಲ.

3. ಮುಂದಿನ ಸಾಲನ್ನು ಬಿಟ್ಟು ನಡುವಿನ ಸಾಲು ನೋಡಿ

ಒಂದು ಸಂಜೆ ಹೋಗಿ ಇಡೀ ಕ್ಲಾಸು ನೋಡಿ. ನೋಡಲು ಬಿಡದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಸಾಲಿನಲ್ಲಿ ಸದಾ ಒಂದಿಬ್ಬರು ಚುರುಕಿನ ಮಕ್ಕಳಿರುತ್ತಾರೆ, ಅವರು ಎಲ್ಲಿದ್ದರೂ ಕಲಿಯುತ್ತಾರೆ. ನೀವು ನೋಡಬೇಕಾದ್ದು ನಡುವಿನ ಸಾಲಿನಲ್ಲಿ ಒಂದೆರಡು ವರ್ಷದಿಂದ ಬರುತ್ತಿರುವ ಸಾಧಾರಣ ಮಗುವನ್ನು. ಜೆನ್‌ಕುತ್ಸು ದಾಚಿಯಲ್ಲಿ, ಎಂದರೆ ಮುಂಗಾಲು ಬಾಗಿಸಿದ ನಿಲುವಿನಲ್ಲಿ, ಅದರ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿದೆಯೇ? ಮುಂಗಾಲಿನ ಮಂಡಿ ಒಳಗೆ ಕುಸಿಯುತ್ತಿದೆಯೇ? ಕುಸಿದಾಗ ಮಾಸ್ಟರ್ ಹತ್ತಿರ ಬಂದು ತಿದ್ದುತ್ತಾರೆಯೇ? ಒಂದು ಗಂಟೆಯಲ್ಲಿ ಆ ಮಗುವನ್ನು ಹೆಸರು ಹಿಡಿದು ಒಮ್ಮೆಯಾದರೂ ಕರೆದರೇ? ಮಾಸ್ಟರ್ ಫೋನಿನಲ್ಲಿದ್ದು, ಹನ್ನೆರಡು ವರ್ಷದ ಬ್ರೌನ್ ಬೆಲ್ಟ್ ಹುಡುಗ “ಇಚಿ, ನಿ, ಸಾನ್” ಎಂದು ಎಣಿಸುತ್ತಾ ಐವತ್ತು ಮಕ್ಕಳನ್ನು ನಡೆಸುತ್ತಿದ್ದರೆ ನೀವು ಕೊಡುತ್ತಿರುವ ಫೀಸು ಆ ಹುಡುಗನಿಗೆ ಸೇರಬೇಕು.

ಮನೆಯಲ್ಲೂ ಪರೀಕ್ಷಿಸಬಹುದು. ಶೋಟೋಕಾನ್ ಕಲಿಯುವ ಮಗುವಿಗೆ ಮೊದಮೊದಲು ಹೇಳಿಕೊಡುವ ಕಟಾ, ಎಂದರೆ ಒಬ್ಬರೇ ಮಾಡುವ ಚಲನೆಗಳ ಸರಣಿ, ಹೇಯಾನ್ ಶೋದಾನ್. ಅದರಲ್ಲಿ 21 ಚಲನೆಗಳಿವೆ. ದಿನಾ ನಿಲ್ಲುವ ದಿಕ್ಕಿಗೆ ಬೆನ್ನು ಮಾಡಿ, ಬೇರೆ ಗೋಡೆಗೆ ಮುಖ ಮಾಡಿ ಅದನ್ನು ಮಾಡಿಸಿ. ಪಕ್ಕದವರನ್ನು ನೋಡಿ ಕೈಕಾಲು ಆಡಿಸುತ್ತಿದ್ದ ಮಗು ಎರಡನೇ ತಿರುವಿನಲ್ಲೇ ದಾರಿ ತಪ್ಪುತ್ತದೆ. ಆಮೇಲೆ, “ಕೆಳಗೆ ತಡೆಯುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಯಾಕೆ ಎಳೆದುಕೊಳ್ಳುತ್ತೀಯಪ್ಪಾ?” ಎಂದು ಕೇಳಿ. ಹಿಡಿದ ಕೈಯನ್ನು ಎಳೆಯಲು ಎಂದೋ, ಸೊಂಟ ತಿರುಗಲಿ ಎಂದೋ ಏನಾದರೊಂದು ಕಾರಣ ಹೇಳಿದರೆ ಅಲ್ಲಿ ಪಾಠ ನಡೆದಿದೆ. “ಮಾಸ್ಟರ್ ಹೇಳಿದ್ದಾರೆ” ಎಂಬ ಉತ್ತರ ಬಂದರೆ ಮಾಸ್ಟರನ್ನೇ ಕೇಳಿ.

4. ಎದುರಾಳಿ ಇಲ್ಲದ ಕಲೆ

ಮೈಸೂರಿನ ಗರಡಿಗಳಲ್ಲಿ ಬೆಲ್ಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಪೈಲ್ವಾನ ಎಷ್ಟರವನು ಎಂಬುದು ಮಟ್ಟಿಗೆ ಇಳಿದಾಗ ಎಲ್ಲರಿಗೂ ಕಾಣುತ್ತದೆ, ಉಸ್ತಾದರು ಬಾಯಲ್ಲಿ ಹೇಳಬೇಕಾಗಿಲ್ಲ. ಕರಾಟೆಯಲ್ಲಿ ಆ ಕೆಲಸ ಮಾಡಬೇಕಾದ್ದು ಕುಮಿಟೆ, ಎಂದರೆ ಎದುರಾಳಿಯ ಜೊತೆಗಿನ ಅಭ್ಯಾಸ. ಮೊದಲು ಹೇಳಿ ಹೊಡೆಯುವ ಐದು ಹೆಜ್ಜೆಯ ಅಭ್ಯಾಸ, ಆಮೇಲೆ ಒಂದು ಹೆಜ್ಜೆಯದು, ಕೊನೆಗೆ ಗ್ಲೌಸ್ ತೊಟ್ಟು ಮುಕ್ತವಾಗಿ ಆಡುವುದು. ಈ ಮೆಟ್ಟಿಲುಗಳನ್ನು ಹತ್ತಿಸದೆ ಗಾಳಿಗೆ ಗುದ್ದಿಸುತ್ತಲೇ ವರ್ಷ ಕಳೆಯುವ ಕ್ಲಾಸಿನ ಮಗು, ಎದುರಿಗಿದ್ದವನು ನಿಜವಾಗಿ ಕೈ ಬೀಸಿದಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಮಗುವಿನ ತಪ್ಪೇನಿದೆ? ಅದಕ್ಕೆ ಯಾರೂ ಆ ಅನುಭವ ಕೊಟ್ಟಿಲ್ಲ.

“ನಮ್ಮ ಪಟ್ಟುಗಳು ಪ್ರಾಣಾಂತಿಕ, ಅದಕ್ಕೇ ಸ್ಪಾರಿಂಗ್ ಮಾಡಿಸುವುದಿಲ್ಲ” ಎನ್ನುವವರಿದ್ದಾರೆ. ಮರ್ಮಕ್ಕೆ ಬೆರಳಿಟ್ಟು ಕೆಡವುತ್ತೇನೆ ಎನ್ನುವವರೂ ಇದ್ದಾರೆ. ಅವರ ಬೆರಳಿಗೆ ಬೀಳುವವರು ಅವರ ಶಿಷ್ಯರು ಮಾತ್ರ. ಕಾನೊ ನೂರು ವರ್ಷಕ್ಕೂ ಹಿಂದೆಯೇ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಉಳಿದವುಗಳನ್ನು ಪೂರ್ತಿ ಬಲದಿಂದ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವಂತೆ ಜೂಡೊ ಕಟ್ಟಿದರು. ದಿನಾ ಪ್ರಯೋಗಿಸಿ ನೋಡಿದ ನಾಲ್ಕು ಪಟ್ಟು, ಎಂದೂ ಪ್ರಯೋಗಿಸದ ನಲವತ್ತಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನೊಂದು ಅತಿಯೂ ಇದೆ. ಚಿಕ್ಕ ಮಕ್ಕಳನ್ನು ಮುಖಕ್ಕೆ ರಪರಪನೆ ಹೊಡೆದಾಡಲು ಬಿಟ್ಟು ‘ಧೈರ್ಯ ಬರಲಿ’ ಎನ್ನುವವರು. ತಲೆಗೆ ಪೆಟ್ಟು ಬಿದ್ದು ವಾಂತಿ ಬಂದರೆ, ಮಂಕು ಕವಿದರೆ ಅಂದಿನ ಆಟ ಅಲ್ಲಿಗೆ ನಿಲ್ಲಬೇಕು, ಮಗು ಆಸ್ಪತ್ರೆಗೆ ಹೋಗಬೇಕು. ಇದು ಗೊತ್ತಿಲ್ಲದವರ ಕೈಗೆ ಮಗುವನ್ನು ಕೊಡಬೇಡಿ.

5. ಹೆಂಚು

ವಾರ್ಷಿಕೋತ್ಸವದಲ್ಲಿ ಮಂಗಳೂರು ಹೆಂಚು ಒಡೆಯುವುದು, ಹೊಟ್ಟೆಯ ಮೇಲೆ ಬೈಕ್ ಹತ್ತಿಸುವುದು. ಹೆಂಚುಗಳ ನಡುವೆ ಚಿಕ್ಕ ಚಕ್ಕೆ ಇಟ್ಟರೆ ಒಂದೊಂದೂ ಬೇರೆಬೇರೆಯಾಗಿ ಒಡೆಯುತ್ತದೆ. ಚಕ್ಕೆ ತೆಗೆದು ಒತ್ತೊತ್ತಾಗಿ ಪೇರಿಸಿದರೆ ಅಷ್ಟೇ ಹೆಂಚು ಒಡೆಯುವುದು ಬಲು ಕಷ್ಟ. ನೋಡಲು ಚೆನ್ನ, ಆದರೆ ಅದನ್ನು ನೋಡಿ ಮಗುವನ್ನು ಸೇರಿಸಬೇಡಿ. ಬೆಳೆಯುತ್ತಿರುವ ಮೂಳೆಯ ಮಗುವಿನ ಕೈಯಿಂದ ಹೆಂಚು ಒಡೆಸುವವರನ್ನು ಕಂಡರಂತೂ ಹೊರಗೆ ಬನ್ನಿ.

6. ಬಿರುದು, ಪದಕ, ಫೆಡರೇಷನ್

ರೆನ್ಷಿ, ಕ್ಯೋಷಿ, ಹಾನ್ಷಿ, ಗ್ರ್ಯಾಂಡ್ ಮಾಸ್ಟರ್, ಡಾಕ್ಟರ್. ಇವನ್ನು ಯಾರು ಕೊಟ್ಟರು, ಯಾವ ವರ್ಷ ಕೊಟ್ಟರು ಎಂದು ಕೇಳಿದರೆ ಒಳ್ಳೆಯ ಮಾಸ್ಟರ್‌ಗೆ ಬೇಸರವಾಗುವುದಿಲ್ಲ. ಫುನಾಕೋಶಿ ತಮ್ಮ ಶಿಷ್ಯರಿಗೆ ಕೊಟ್ಟ ಅತಿ ದೊಡ್ಡ ದರ್ಜೆ ಐದನೇ ಡಾನ್. ಮೂವತ್ತೈದು ವರ್ಷದವರು ಫ್ಲೆಕ್ಸಿನಲ್ಲಿ ಎಂಟನೇ ಡಾನ್ ಎಂದು ಹಾಕಿಕೊಂಡಿದ್ದರೆ ಇದನ್ನು ನೆನಪಿಸಿಕೊಳ್ಳಿ. ನಾನಾಗಿದ್ದರೆ ಬಿರುದಿಗಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನೀವು ಈಗ ಯಾರ ಬಳಿ ಅಭ್ಯಾಸ ಮಾಡುತ್ತೀರಿ? ಕಲಿಯುವುದನ್ನು ನಿಲ್ಲಿಸಿದ ಮಾಸ್ಟರ್ ಸ್ವಲ್ಪ ದಿನದಲ್ಲೇ ಬರೀ ಸಂಘಟಕರಾಗಿಬಿಡುತ್ತಾರೆ.

ಕಲ್ಯಾಣ ಮಂಟಪದಲ್ಲಿ ಒಂದೇ ದಿನ ನಡೆಯುವ ‘ಇಂಟರ್‌ನ್ಯಾಷನಲ್ ಓಪನ್’ನಲ್ಲಿ ವಯಸ್ಸು, ತೂಕ, ಬೆಲ್ಟಿನ ಬಣ್ಣ ಎಂದು ಒಡೆದು ಒಡೆದು ಒಂದೊಂದು ಗುಂಪಿಗೆ ನಾಲ್ಕೇ ಮಕ್ಕಳು ಉಳಿಯುವಂತೆ ಮಾಡುತ್ತಾರೆ. ಚಿನ್ನ ಒಂದು, ಬೆಳ್ಳಿ ಒಂದು, ಕಂಚು ಎರಡು, ನಾಲ್ವರಿಗೂ ಪದಕ. ಇಂಥ ಪದಕ ಕ್ರೀಡಾ ಕೋಟಾದ ಸೀಟಿಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟದ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡಿದ ಮಗುವಿನ ದಾರಿ ಬೇರೆ. ಮಾನ್ಯತೆಯ ವಿಚಾರ ಎಷ್ಟು ಗೋಜಲೆಂದರೆ, ವಿಶ್ವ ಕರಾಟೆ ಫೆಡರೇಷನ್ 2020ರಲ್ಲಿ ನಮ್ಮ ದೇಶದ ಸಂಸ್ಥೆಯ ಮಾನ್ಯತೆಯನ್ನೇ ತಾತ್ಕಾಲಿಕವಾಗಿ ರದ್ದು ಮಾಡಿತ್ತು. ಕರಾಟೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇತ್ತು, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲಿಸ್ ಪಟ್ಟಿಯಲ್ಲೂ ಇಲ್ಲ. ನಿಮ್ಮ ಮಗನನ್ನು ಒಲಿಂಪಿಕ್ಸ್‌ಗೆ ಕಳಿಸುತ್ತೇನೆ ಎನ್ನುವವರಿಗೆ ಇಷ್ಟಾದರೂ ಗೊತ್ತಿರಬೇಕು.

7. ಎರಡು ದಿನದ ಆತ್ಮರಕ್ಷಣೆ

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಕಾಲೇಜಿನ ಸಭಾಂಗಣದಲ್ಲಿ ಮುನ್ನೂರು ಹುಡುಗಿಯರನ್ನು ಕೂರಿಸಿ, ಕೈ ಬಿಡಿಸಿಕೊಳ್ಳುವ ಹತ್ತು ಪಟ್ಟು ತೋರಿಸಿ, ಸರ್ಟಿಫಿಕೇಟ್ ಹಂಚಿ, ‘ಇನ್ನು ನೀವು ಯಾರಿಗೂ ಹೆದರಬೇಕಿಲ್ಲ’ ಎಂದು ಕಳಿಸಿಬಿಡುತ್ತಾರೆ. ವೇದಿಕೆಯ ಮೇಲೆ ಕೈ ಹಿಡಿದವನು ಶಿಷ್ಯ, ಬಿಡಬೇಕಾದ ಹೊತ್ತಿಗೆ ಬಿಡುತ್ತಾನೆ. ಹಾಗೆ ಬಿಡದವನೊಬ್ಬ ಹಿಡಿದಾಗ ಆ ಹುಡುಗಿಗೆ ಏನಾಗುತ್ತದೆ? ಪಟ್ಟಿನ ಮೇಲೆ ಭರವಸೆಯಿಟ್ಟು, ಓಡಬೇಕಾದ ಕ್ಷಣದಲ್ಲಿ ಅವಳು ನಿಂತುಬಿಡಬಹುದು. ಏನೂ ಕಲಿಯದೆ ಇದ್ದಿದ್ದರೆ ಓಡುತ್ತಿದ್ದಳು.

ಶಿಬಿರಕ್ಕೆ ಹೋಗಬೇಡಿ ಎನ್ನುವುದಿಲ್ಲ. ಅಲ್ಲಿ ಜೋರಾಗಿ ಕೂಗುವುದನ್ನು, ಜನರಿರುವ ಕಡೆ ಓಡುವುದನ್ನು, 112ಕ್ಕೆ ಕರೆ ಮಾಡುವುದನ್ನು ಕಲಿಸುತ್ತಾರೆಯೇ ನೋಡಿ. ಚಿಕ್ಕ ಮಕ್ಕಳಿಗೆ 1098ರ ಬಗ್ಗೆ ಹೇಳುತ್ತಾರೆಯೇ ನೋಡಿ. ಮಗಳಿಗೆ ತೊಂದರೆ ಕೊಡುವವನು ಎಷ್ಟೋ ಸಲ ಪರಿಚಯದವನೇ ಆಗಿರುತ್ತಾನೆ ಎಂಬುದನ್ನು ಮುಚ್ಚಿಡದೆ ಹೇಳುವ ಶಿಕ್ಷಕಿ ಹತ್ತು ಪಟ್ಟಿಗಿಂತ ಹೆಚ್ಚನ್ನು ಕೊಟ್ಟಳೆಂದೇ ಲೆಕ್ಕ. ನಾಲ್ಕೇ ಪಟ್ಟು ಕಲಿಸಿದರೂ ಸರಿ, ಹಿಡಿದವರು ನಿಜವಾಗಿ ಹಿಡಿದಿರಲಿ, ತಿಂಗಳುಗಟ್ಟಲೆ ಅಭ್ಯಾಸ ನಡೆಯಲಿ.

8. ‘ಗುರುದ್ರೋಹ’ ಎಂಬ ಮಾತು ಕೇಳಿಬಂದರೆ

ಕಾಲು ಮುಟ್ಟಿ ನಮಸ್ಕರಿಸುವುದು ನಮ್ಮ ಸಂಸ್ಕಾರ, ಅದರ ಬಗ್ಗೆ ನನಗೆ ಗೌರವವಿದೆ. ಅದೇ ಸಂಸ್ಕಾರವನ್ನು ಹಿಡಿದು ಗುರುಪೂರ್ಣಿಮೆಗೆ ಇಂತಿಷ್ಟು ಎಂದು ಚಂದಾ ಎತ್ತುವುದು, ಬೇರೆ ಮಾಸ್ಟರ ಕ್ಯಾಂಪಿಗೆ ಹೋದ ಮಗುವನ್ನು ಎಲ್ಲರೆದುರು ಅವಮಾನಿಸುವುದು, ಕ್ಲಾಸು ಬಿಟ್ಟವರನ್ನು ಗುರುದ್ರೋಹಿ ಎನ್ನುವುದು ವ್ಯಾಪಾರ. ಒಂದು ವರ್ಷದ ಫೀಸು ಮುಂಗಡ ಕೇಳಿದರೆ ಕೊಡಬೇಡಿ, ತಿಂಗಳಿಗೊಮ್ಮೆ ಕಟ್ಟಿ.

ಶಿಕ್ಷೆಯನ್ನೂ ಗಮನಿಸಿ. ಕೋಲಿನಿಂದ ಹೊಡೆಯುವುದು, ಕಾಂಕ್ರೀಟಿನ ಮೇಲೆ ಮುಷ್ಟಿಯೂರಿ ದಂಡ ಹೊಡೆಸುವುದು, ಕುಕ್ಕರುಗಾಲಲ್ಲಿ ಮೈದಾನ ಸುತ್ತಿಸುವುದು ಶಿಸ್ತಲ್ಲ, ಮೈ ಹಾಳು ಮಾಡುವ ದಾರಿ. ಮಗುವನ್ನು ಒಂಟಿಯಾಗಿ ಉಳಿಸಿಕೊಂಡು ‘ಸ್ಪೆಷಲ್ ಕೋಚಿಂಗ್’ ಕೊಡುತ್ತೇನೆ ಎಂದರೆ ನೀವೂ ಅಲ್ಲೇ ಕೂತಿರಿ. ಮಗು ಇದ್ದಕ್ಕಿದ್ದ ಹಾಗೆ ಕ್ಲಾಸಿಗೆ ಹೋಗಲ್ಲ ಅಂದರೆ ಗದರಿಸುವ ಮೊದಲು ಯಾಕೆಂದು ಕೇಳಿ. ಮೈ ಮುಟ್ಟಿದ ಮಾತು ಬಂದರೆ ಅದು 2012ರ ಪೋಕ್ಸೊ ಕಾಯ್ದೆಯ ವಿಷಯ, ಮಾಸ್ಟರ್ ಜೊತೆ ಮಾತಾಡಿ ಮುಗಿಸುವಂಥದ್ದಲ್ಲ.

9. ಬಿಟ್ಟು ಬರುವಾಗ

ಇದನ್ನೆಲ್ಲ ಓದಿ, ಮಗು ಹೋಗುತ್ತಿರುವ ಕ್ಲಾಸು ಸರಿಯಿಲ್ಲ ಅನ್ನಿಸಿದರೆ, ಮಗುವಿಗೆ “ನೀನು ಕಲಿತದ್ದೆಲ್ಲ ದಂಡ” ಎಂದು ಹೇಳಬೇಡಿ. ಅದು ಬೆವರು ಸುರಿಸಿದ್ದು ನಿಜ. ಹೊಸ ಮಾಸ್ಟರ್ ಹತ್ತಿರ ಮೊದಲೇ ಹೋಗಿ ವಿಷಯ ತಿಳಿಸಿ. ಎಲ್ಲರೆದುರು ಬೆಲ್ಟ್ ಬಿಚ್ಚಿಸಿ ಬಿಳಿ ಬೆಲ್ಟ್ ಕಟ್ಟಿಸುವವರಾದರೆ ಅವರೂ ಬೇಡ. ನನ್ನಲ್ಲಿ ಬರುವ ಮಕ್ಕಳಿಗೆ ನಾನು ಹೇಳುವುದು, ಹಳೆಯ ಬೆಲ್ಟನ್ನೇ ಕಟ್ಟಿಕೊಂಡು ಬಾ, ನಿಲ್ಲುವುದು ಮಾತ್ರ ಹೊಸಬರ ಸಾಲಿನಲ್ಲಿ. ಮುಂದಿನ ಪರೀಕ್ಷೆ ಯಾವಾಗ ಎಂದು ಮನೆಯವರು ಕೇಳಿದರೆ, ಹಿಮ್ಮಡಿ ನೆಲಕ್ಕೆ ಊರಿದ ಮೇಲೆ ಹೇಳುತ್ತೇನೆ ಎನ್ನುತ್ತೇನೆ. ಕೆಲವರು ಕಾಯುತ್ತಾರೆ, ಕೆಲವರು ಮೂರು ತಿಂಗಳಿಗೊಂದು ಬೆಲ್ಟ್ ಕೊಡುವ ಕಡೆಗೆ ವಾಪಸ್ ಹೋಗುತ್ತಾರೆ.