ಸರ್ವರ್ ಡೌನ್ ಎಂದಾಗ ನಾವು ಮೊದಲು ಕೇಳುವುದೇನು?

ಊಟದ ನಡುವೆ ಫೋನ್ ಬರುತ್ತದೆ. "ಸರ್ವರ್ ಡೌನ್ ಆಗಿದೆಯಂತೆ" ಎಂದು ಅಪ್ಪನೋ ಅಮ್ಮನೋ ಲ್ಯಾಪ್‌ಟಾಪ್ ಹಿಡಿದು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಸಾರು ಆರಿಹೋಗುತ್ತದೆ. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ, ಅಟ್ಲಾಂಟದಲ್ಲಿ, ಎರಡೂ ಕ್ಯಾರೊಲೈನಾಗಳಲ್ಲಿ ಇರುವ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳು ಇದನ್ನು ನೋಡಿದ್ದಾರೆ. ಆ ಬಾಗಿಲಿನ ಹಿಂದೆ ಏನು ನಡೆಯುತ್ತದೆ ಎಂಬುದನ್ನು, ಅದೇ ಕೆಲಸ ಮಾಡುವ ನಾವು ಕೆಲವು ಪೋಷಕರು ಸೇರಿ ಇಲ್ಲಿ ಬರೆದಿದ್ದೇವೆ.

ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರ್, ಅಷ್ಟೆ. ಕಚೇರಿಯ ಫೈಲುಗಳನ್ನು ಇಟ್ಟುಕೊಳ್ಳುವುದು ಒಂದು, ಈಮೇಲ್ ಹಂಚುವುದು ಒಂದು, ಪಾಸ್‌ವರ್ಡ್ ನೋಡಿ ಒಳಗೆ ಬಿಡುವುದು ಇನ್ನೊಂದು.

"ಡೌನ್" ಎಂಬ ಮಾತನ್ನು ನಾವು ಹೇಳಿದ ಹಾಗೆಯೇ ನಂಬುವುದಿಲ್ಲ. ಹೊಟ್ಟೆನೋವು ಎಂದು ಹೋದರೆ ಡಾಕ್ಟರು ಹೇಗೆ ಮೊದಲು ಪ್ರಶ್ನೆ ಕೇಳುತ್ತಾರೋ ಹಾಗೆ ನಾವೂ ಕೇಳುತ್ತೇವೆ. ಯಾರಿಗೆ ಆಗುತ್ತಿಲ್ಲ? ಯಾವಾಗಿನಿಂದ? ಅದಕ್ಕೆ ಮುಂಚೆ ಏನು ಬದಲಾಯಿತು? ಒಬ್ಬರಿಗೆ ಮಾತ್ರ ತೊಂದರೆಯಾದರೆ ಅವರ ಕಂಪ್ಯೂಟರನ್ನೋ ಕೇಬಲ್ಲನ್ನೋ ನೋಡಬೇಕು. ಒಂದು ಮಹಡಿಯವರಿಗೆಲ್ಲ ಆದರೆ ಆ ಮಹಡಿಯ ನೆಟ್‌ವರ್ಕ್ ಸ್ವಿಚ್. ಎಲ್ಲರಿಗೂ ಆಗಿದ್ದರೆ ಆಗ ಸರ್ವರಿನ ಕಡೆ ತಿರುಗುತ್ತೇವೆ.

ಅಲ್ಲಿಯೂ ಕೆಳಗಿನಿಂದ ಮೇಲಕ್ಕೆ ಹೋಗುತ್ತೇವೆ. ಕರೆಂಟ್ ಇದೆಯೇ? ಪಿಂಗ್ ಮಾಡಿದರೆ ಉತ್ತರ ಬರುತ್ತಿದೆಯೇ? ಹೆಸರು ಹಾಕಿದರೆ ಸರಿಯಾದ ವಿಳಾಸ ಸಿಗುತ್ತಿದೆಯೇ? ಡಿಸ್ಕಿನಲ್ಲಿ ಜಾಗ ಉಳಿದಿದೆಯೇ? ಈ ಕೊನೆಯದನ್ನು ಯಾರೂ ಸಂಶಯಿಸುವುದಿಲ್ಲ, ಆದರೆ ನಮ್ಮ ಅನುಭವದಲ್ಲಿ ಅದೇ ಬಹಳ ಸಲ ಕಳ್ಳ. ಸರ್ವರ್ ತಾನು ಮಾಡಿದ ಪ್ರತಿ ಕೆಲಸವನ್ನೂ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಹಳೆಯ ಪುಟಗಳನ್ನು ತೆಗೆಯುವ ಏರ್ಪಾಡು ಇಲ್ಲದಿದ್ದರೆ ಒಂದು ದಿನ ಡಿಸ್ಕ್ ತುಂಬಿ, ಡೇಟಾಬೇಸಿಗೆ ಹೊಸದೇನನ್ನೂ ಬರೆಯಲು ಆಗದೆ ನಿಂತುಬಿಡುತ್ತದೆ.

"ಒಮ್ಮೆ ರೀಸ್ಟಾರ್ಟ್ ಮಾಡಿಬಿಡಿ ಸಾರ್" ಎಂಬ ಸಲಹೆ ಯಾವಾಗಲೂ ಬರುತ್ತದೆ. ಮಾಡಿದರೆ ಸರಿಹೋಗಲೂಬಹುದು. ಆದರೆ ಕಾರಣ ಹೇಳಬಹುದಾಗಿದ್ದ ಕುರುಹುಗಳಲ್ಲಿ ಕೆಲವು ಅಳಿಸಿಹೋಗುತ್ತವೆ, ಮುಂದಿನ ವಾರ ಅದೇ ಫೋನ್ ಮತ್ತೆ ಬರುತ್ತದೆ. ಲಾಗ್ ಓದಿದ ಮೇಲೆ ಬೇಕಾದರೆ ರೀಸ್ಟಾರ್ಟ್.

"ಏನು ಬದಲಾಯಿತು?" ಎಂದರೆ "ನಾವು ಏನೂ ಮುಟ್ಟಿಲ್ಲ" ಎಂಬ ಉತ್ತರ ಗ್ಯಾರಂಟಿ. ನಮ್ಮಲ್ಲೊಬ್ಬರು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಕಚೇರಿಯಲ್ಲಿ ಅದು ನಿಜವೂ ಆಗಿತ್ತು. ಶುಕ್ರವಾರ ಎಲ್ಲ ಸರಿ, ಸೋಮವಾರ ಬೆಳಿಗ್ಗೆ ಫೈಲ್ ಸರ್ವರ್ ಯಾರನ್ನೂ ಒಳಗೆ ಬಿಡುತ್ತಿಲ್ಲ. ಪಾಸ್‌ವರ್ಡ್ ಸರಿಯಿದೆ, ನೆಟ್‌ವರ್ಕ್ ಸರಿಯಿದೆ. ಎರಡು ಗಂಟೆ ಹುಡುಕಿದ ಮೇಲೆ ಕಣ್ಣಿಗೆ ಬಿದ್ದದ್ದು ಪರದೆಯ ಮೂಲೆಯ ಗಡಿಯಾರ! ಸಮಯ ಸರಿಪಡಿಸುವ ಸರ್ವಿಸ್ ಎಂದೋ ನಿಂತುಹೋಗಿ, ಗಡಿಯಾರ ದಿನಕ್ಕಿಷ್ಟು ಎಂದು ಹಿಂದೆ ಬೀಳುತ್ತಿತ್ತು. ವಿಂಡೋಸ್ ಕಚೇರಿಗಳಲ್ಲಿ ಲಾಗಿನ್ ನೋಡಿಕೊಳ್ಳುವ ಕೆರ್ಬರಾಸ್ ಪದ್ಧತಿ, ಬೇರೆ ಸೂಚನೆ ಕೊಡದಿದ್ದರೆ, 5 ನಿಮಿಷದವರೆಗಿನ ವ್ಯತ್ಯಾಸವನ್ನು ಮಾತ್ರ ಸಹಿಸುತ್ತದೆ. ಆ ಶನಿವಾರ ಭಾನುವಾರಗಳ ನಡುವೆ ಗಡಿಯಾರ ಆ ಗೆರೆ ದಾಟಿತ್ತು. ಯಾರೂ ಮುಟ್ಟಿರಲಿಲ್ಲ, ಅದೇ ತೊಂದರೆ.

ದೊಡ್ಡವರ ಮನೆಯಲ್ಲೂ ದೋಸೆ ತೂತೇ. ಉತ್ತರ ವರ್ಜೀನಿಯದ ಆ್ಯಶ್‌ಬರ್ನ್ ಕಡೆ ಕಾರಿನಲ್ಲಿ ಹೋಗುವಾಗ ಕಿಟಕಿಗಳಿಲ್ಲದ ಉದ್ದುದ್ದ ಕಟ್ಟಡಗಳನ್ನು ಮಕ್ಕಳು ನೋಡಿರಬಹುದು. ಅವು ಡೇಟಾ ಸೆಂಟರುಗಳು, ಒಳಗೆ ಸಾಲುಸಾಲು ಸರ್ವರುಗಳು. ಅಮೆಜಾನ್ ಬೇರೆ ಕಂಪನಿಗಳಿಗೆ ಬಾಡಿಗೆಗೆ ಕೊಡುವ ಸರ್ವರುಗಳ ಒಂದು ಮುಖ್ಯ ನೆಲೆ ಈ ಉತ್ತರ ವರ್ಜೀನಿಯ. 2017ರ ಫೆಬ್ರವರಿ 28ರ ಮಧ್ಯಾಹ್ನ ಅಲ್ಲಿನ ಎಸ್3 ಎಂಬ ಫೈಲ್ ಸಂಗ್ರಹ ಸೇವೆಯಲ್ಲಿ ಕೆಲವೇ ಸರ್ವರುಗಳನ್ನು ನಿಲ್ಲಿಸಬೇಕಾಗಿತ್ತು. ಕಮಾಂಡ್ ಹೊಡೆಯುವಾಗ ಒಂದು ಕಡೆ ತಪ್ಪಾಗಿ, ಬೇಕಾದ್ದಕ್ಕಿಂತ ಬಹಳ ಹೆಚ್ಚು ಸರ್ವರುಗಳು ನಿಂತವು. ಮತ್ತೆ ಎಲ್ಲ ಸರಿಯಾಗಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು, ಏಕೆಂದರೆ ಆ ವ್ಯವಸ್ಥೆಯನ್ನು ಎಷ್ಟೋ ವರ್ಷಗಳಿಂದ ಪೂರ್ತಿ ರೀಸ್ಟಾರ್ಟ್ ಮಾಡಿಯೇ ಇರಲಿಲ್ಲ. ತಮಾಷೆಯೆಂದರೆ, "ಸೇವೆ ಕೆಟ್ಟಿದೆ" ಎಂದು ಗಿರಾಕಿಗಳಿಗೆ ತಿಳಿಸುವ ಪುಟವನ್ನು ತಿದ್ದಲು ಕೂಡ ಎಸ್3 ಬೇಕಾಗಿತ್ತು!

2025ರ ಅಕ್ಟೋಬರ್ 20, ದೀಪಾವಳಿಯ ದಿನ, ನಮ್ಮಲ್ಲಿ ಇನ್ನೂ ನಸುಕು. ಅದೇ ವರ್ಜೀನಿಯದ ನೆಲೆಯಲ್ಲಿ ಡೈನಮೋಡಿಬಿ ಎಂಬ ಡೇಟಾಬೇಸಿನ ವಿಳಾಸವೇ ಕಾಣೆಯಾಯಿತು. ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಅದನ್ನು ತಾವಾಗಿಯೇ ತಿದ್ದುವ ಪ್ರೋಗ್ರಾಮುಗಳಲ್ಲಿ ಒಂದು ಹಿಂದೆ ಬಿದ್ದು ಹಳೆಯ ಪಟ್ಟಿಯನ್ನು ಹಾಕಿತು, ಇನ್ನೊಂದು ಅದನ್ನು ಹಳೆಯದೆಂದು ಅಳಿಸಿಹಾಕಿತು. ಉಳಿದದ್ದು ಖಾಲಿ ಜಾಗ. ಸ್ನ್ಯಾಪ್‌ಚಾಟ್, ರೋಬ್ಲಾಕ್ಸ್, ಅಲೆಕ್ಸಾ ಎಲ್ಲಕ್ಕೂ ಅದರ ಬಿಸಿ ತಟ್ಟಿತು. ವಿಳಾಸ ಬೆಳಗಾಗುವುದರೊಳಗೆ ಸರಿಯಾದರೂ ಅದರ ಹಿಂದೆ ಸಾಲುಗಟ್ಟಿದ ತೊಂದರೆಗಳು ಸಂಜೆಯವರೆಗೂ ಮುಗಿಯಲಿಲ್ಲ. "ಹೆಸರು ಹಾಕಿದರೆ ವಿಳಾಸ ಸಿಗುತ್ತಿದೆಯೇ" ಎಂದು ನಾವು ಅಷ್ಟು ಮೊದಲೇ ಕೇಳುವುದು ಇದಕ್ಕೇ.

ಇವೆಲ್ಲ ಕೈತಪ್ಪು, ಗ್ರಹಚಾರ. ಕೆಲವು ಸಲ ಹೊರಗಿನವರು ಬೇಕೆಂದೇ ಕೆಡಿಸುತ್ತಾರೆ. 2018ರ ಮಾರ್ಚ್ 22ರಂದು ಅಟ್ಲಾಂಟ ನಗರಾಡಳಿತದ ಕಂಪ್ಯೂಟರುಗಳಿಗೆ ಸ್ಯಾಮ್‌ಸ್ಯಾಮ್ ಎಂಬ ರ‍್ಯಾನ್ಸಮ್‌ವೇರ್ ನುಗ್ಗಿ ಫೈಲುಗಳಿಗೆ ಬೀಗ ಹಾಕಿತು. ಬೀಗ ತೆಗೆಯಲು ಕೇಳಿದ್ದು ಸುಮಾರು 51,000 ಡಾಲರ್ ಬೆಲೆಯ ಬಿಟ್‌ಕಾಯಿನ್. ನೀರಿನ ಬಿಲ್ಲನ್ನು ಆನ್‌ಲೈನಿನಲ್ಲಿ ಕಟ್ಟಲಾಗಲಿಲ್ಲ, ಪೊಲೀಸರು ಕೈಯಲ್ಲೇ ವರದಿ ಬರೆದರು, ಮುಂಜಾಗ್ರತೆಗಾಗಿ ವಿಮಾನ ನಿಲ್ದಾಣದ ವೈಫೈ ಕೂಡ ನಿಲ್ಲಿಸಿದರು. ನಗರ ಆ ಹಣ ಕೊಡಲಿಲ್ಲ. ಸರಿಪಡಿಸಲು ಅದಕ್ಕಿಂತ ಎಷ್ಟೋ ಪಟ್ಟು ಖರ್ಚಾಯಿತು. ಆದರೂ ಪೊಲೀಸ್ ಕಾರುಗಳ ಕ್ಯಾಮೆರಾ ತೆಗೆದಿದ್ದ ವರ್ಷಗಟ್ಟಲೆಯ ವಿಡಿಯೋ ಮರಳಿ ಸಿಗಲೇ ಇಲ್ಲ.

ಇಂಥ ಹೊತ್ತಿನಲ್ಲಿ ಕಾಪಾಡುವುದು ಬ್ಯಾಕಪ್. "ಇದೆ, ಪ್ರತಿ ರಾತ್ರಿ ಆಗುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಅದರಿಂದ ಒಂದು ಫೈಲನ್ನಾದರೂ ಹಿಂದಕ್ಕೆ ತೆಗೆದು ನೋಡಿದ್ದೀರಾ ಎಂದರೆ ಮೌನ. ಟೇಪು ತಿರುಗುತ್ತಿದೆ, ಹಸಿರು ದೀಪ ಉರಿಯುತ್ತಿದೆ, ಆದರೆ ಬೇಕಾದ ಫೋಲ್ಡರ್ ಪಟ್ಟಿಯಲ್ಲೇ ಇಲ್ಲ ಎಂಬುದು ತೆಗೆದು ನೋಡಿದ ದಿನವೇ ಗೊತ್ತಾಗುವುದು. ಇನ್ನೊಂದು ಮಾತು: ಬ್ಯಾಕಪ್ಪಿನ ಡಿಸ್ಕ್ ಸದಾ ಅದೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕಬಲ್ಲದು. ಒಂದು ಪ್ರತಿಯಾದರೂ ಬೇರೆ ಕಡೆ ಇರಬೇಕು.

ಮಕ್ಕಳಿಗೆ ಮನೆಗೆಲಸ: ನಿಮ್ಮ ಮನೆಯ ಫೋಟೋಗಳ ಬ್ಯಾಕಪ್ ಎಲ್ಲಿದೆ ಎಂದು ಅಪ್ಪ ಅಮ್ಮನನ್ನು ಕೇಳಿ. ಅಜ್ಜಿ ತಾತ ಇರುವ ಒಂದು ಹಳೆಯ ಫೋಟೋವನ್ನು ಅದರಿಂದ ಬೇರೊಂದು ಕಂಪ್ಯೂಟರಿಗೆ ತೆಗೆದು ತೆರೆಯಿರಿ. ತೆರೆಯಿತೇ, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಂಡು ಮುಂದಿನ ತರಗತಿಗೆ ತನ್ನಿ.