ಬೆನ್ನಿಗೆ ಕಟ್ಟಿದ ರಾಕೆಟ್ಟು ಎಷ್ಟು ಹೊತ್ತು ಹಾರುತ್ತೆ?



ಈ ಸಲ ‘ಅಟಾಮಿಕ್ ರೋಬೋ’ ಎಂಬ ಅಮೆರಿಕದ ಕಾಮಿಕ್ಸ್ ಬಗ್ಗೆ ಬರೆದಿದ್ದೇನೆ. ಕಥೆ ಬ್ರಯಾನ್ ಕ್ಲೆವಿಂಜರ್ ಅವರದು, ಚಿತ್ರ ಸ್ಕಾಟ್ ವೆಗೆನರ್ ಅವರದು. ವಿಜ್ಞಾನಿ ನಿಕೋಲಾ ಟೆಸ್ಲಾ ತಯಾರಿಸಿದ ರೋಬೋಟೇ ನಾಯಕ. ಇದು ಬರೀ ಕಲ್ಪನೆ. ಆದರೆ ನಿಜವಾದ ಟೆಸ್ಲಾ 1898ರಲ್ಲೇ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ರೇಡಿಯೋ ಅಲೆಯಿಂದ ನಡೆಸಿ ತೋರಿಸಿದ್ದರು.

2012ರಲ್ಲಿ ಬಂದ ಏಳನೇ ಭಾಗದ ಕಥೆ ನಡೆಯುವುದು 1951ರಲ್ಲಿ. ಪೆಸಿಫಿಕ್ ಸಾಗರದ ಮೇಲೆ ಅಪಾಯಕ್ಕೆ ಸಿಕ್ಕ ರೋಬೋನನ್ನು ಹೆಂಗಸರ ದಂಡೊಂದು ಕಾಪಾಡುತ್ತದೆ. ಅವರೆಲ್ಲ ಬೆನ್ನಿಗೆ ಜೆಟ್‌ಪ್ಯಾಕ್ ಕಟ್ಟಿಕೊಂಡು ಪುಟಗಟ್ಟಲೆ ಹಾರಾಡುತ್ತಾರೆ. ಹಾಗೆ ಹಾರೋಕಾಗುತ್ತಾ?

ಆಗುತ್ತೆ. ಬಲೂನು ಊದಿ ಬಾಯಿ ಕಟ್ಟದೆ ಬಿಟ್ಟರೆ ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ನ್ಯೂಟನ್ನನ ಮೂರನೇ ನಿಯಮ ಅಷ್ಟೇ. ಅಮೆರಿಕದ ಬೆಲ್ ಕಂಪನಿ ಮಾಡಿದ ರಾಕೆಟ್ ಬೆಲ್ಟಿನಲ್ಲಿ ಗಾಳಿಯ ಬದಲು ಹೈಡ್ರೋಜನ್ ಪೆರಾಕ್ಸೈಡ್ ಇತ್ತು. ಗಾಯ ತೊಳೆಯೋದಕ್ಕೆ ಹಾಕುತ್ತಾರಲ್ಲ, ಅದೇ. ಆದರೆ ಇದು ತುಂಬಾ ತೀಕ್ಷ್ಣವಾದದ್ದು, ಮುಟ್ಟಿದರೆ ಚರ್ಮ ಸುಡುತ್ತೆ. ಬೆಳ್ಳಿಯ ಜಾಲರಿ ತಾಕಿದ ಕೂಡಲೇ ಅದು ಒಡೆದು 700 ಡಿಗ್ರಿ ಸೆಲ್ಸಿಯಸ್ ದಾಟಿದ ಹಬೆಯೂ ಆಮ್ಲಜನಕವೂ ಆಗುತ್ತದೆ. ಆ ಹಬೆ ಕೆಳಕ್ಕೆ ನುಗ್ಗಿದರೆ ಮನುಷ್ಯ ಮೇಲಕ್ಕೆ!

1961ರ ಏಪ್ರಿಲ್ 20ರಂದು ಹೆರಾಲ್ಡ್ ಗ್ರಹಾಂ ಇದನ್ನು ಕಟ್ಟಿಕೊಂಡು 13 ಸೆಕೆಂಡಿನಲ್ಲಿ ಸುಮಾರು 34 ಮೀಟರ್ ಹಾರಿದರು. ಮೂರು ಕಬಡ್ಡಿ ಅಂಕಣದ ಉದ್ದವೂ ಇಲ್ಲ. ಸುಮಾರು 19 ಲೀಟರ್ ಇಂಧನ ತುಂಬಿದರೂ ಹೆಚ್ಚೆಂದರೆ 21 ಸೆಕೆಂಡು. ಒಂದರಿಂದ ಇಪ್ಪತ್ತೊಂದರವರೆಗೆ ಎಣಿಸಿ ನೋಡಿ, ಅಷ್ಟರೊಳಗೆ ನೆಲಕ್ಕೆ ಇಳಿದುಬಿಡಬೇಕು. ಇನ್ನಷ್ಟು ಇಂಧನ ಹಾಕಬಾರದೇ ಅಂತ ಕೇಳಬಹುದು. ಹಾಕಿದರೆ ಭಾರ ಹೆಚ್ಚುತ್ತೆ, ಭಾರ ಎತ್ತಲು ಮತ್ತೆ ಇಂಧನ ಬೇಕು. ಹೊತ್ತ ಬುತ್ತಿಯೆಲ್ಲ ಅದನ್ನು ಹೊರುವ ಶಕ್ತಿಗೇ ಖರ್ಚಾದ ಹಾಗೆ.

ಹಾಗಾಗಿ ಕಾಮಿಕ್ಸಿನಲ್ಲಿ ನಂಬಲಾಗದ್ದು ಜೆಟ್‌ಪ್ಯಾಕು. ಹೆಂಗಸರು ಯುದ್ಧವಿಮಾನ ನಡೆಸಿದ್ದು ಮಾತ್ರ ಪೂರಾ ನಿಜ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ‘ವಾಸ್ಪ್’ ಎಂಬ ಪಡೆಗೆ 25,000ಕ್ಕೂ ಹೆಚ್ಚು ಹೆಂಗಸರು ಅರ್ಜಿ ಹಾಕಿದ್ದರು. ತರಬೇತಿ ಮುಗಿಸಿದವರು 1,074 ಮಂದಿ. ಕಾರ್ಖಾನೆಯಿಂದ ಹೊಸ ವಿಮಾನಗಳನ್ನು ಸೈನಿಕ ನೆಲೆಗೆ ಮುಟ್ಟಿಸುವುದು ಇವರ ಕೆಲಸ. ಹೊಸ ಸೈನಿಕರು ಗುರಿ ಕಲಿಯಲೆಂದು ಬಟ್ಟೆಯ ಗುರಿಯನ್ನು ವಿಮಾನದ ಹಿಂದೆ ಎಳೆದುಕೊಂಡೂ ಹೋಗುತ್ತಿದ್ದರು. ಕೆಳಗಿನಿಂದ ಹಾರಿಸುತ್ತಿದ್ದದ್ದು ನಿಜವಾದ ಗುಂಡೇ!

38 ಮಂದಿ ಸತ್ತರು. ಇವರನ್ನು ಸೈನಿಕರೆಂದು ಎಣಿಸಿರಲಿಲ್ಲ. ಅದಕ್ಕೇ ಶವಪೆಟ್ಟಿಗೆಗೆ ಸೈನಿಕ ಗೌರವದ ಬಾವುಟವಿಲ್ಲ, ಶವವನ್ನು ಊರಿಗೆ ಕಳಿಸಲು ಗೆಳತಿಯರೇ ದುಡ್ಡು ಕೂಡಿಸಿದ್ದುಂಟು. 1944ರ ಡಿಸೆಂಬರ್ 20ಕ್ಕೆ ಪಡೆಯನ್ನೇ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಕಾಮಿಕ್ಸಿನ ಹೆಂಗಸರು ಯುದ್ಧ ಮುಗಿದರೂ ಮನೆಗೆ ಹೋಗದೆ ಪೆಸಿಫಿಕ್‌ನಲ್ಲೇ ಯಾಕೆ ಉಳಿದರು ಅಂತ ಇದನ್ನು ತಿಳಿದ ಮೇಲೆ ನನಗೆ ಅರ್ಥವಾಯಿತು.

ವಾಸ್ಪ್ ಪೈಲಟ್‌ಗಳೂ ಮಾಜಿ ಸೈನಿಕರೇ ಎಂಬ ಕಾನೂನು ಬಂದದ್ದು 1977ರಲ್ಲಿ. ಚಿನ್ನದ ಪದಕ ಕೊಟ್ಟದ್ದು 2010ರಲ್ಲಿ, ಬದುಕಿದ್ದವರೆಲ್ಲ ಅಜ್ಜಿಯರಾಗಿದ್ದಾಗ.